ಉದ್ಯಾನದ ಹಿಂಬದಿಯ ನರಿಬಿಲ: ನಿವಾಸಿಗಳ ಅಭಿಪ್ರಾಯ ಮತ್ತು ಮುಂದಿನ ಕ್ರಮ

ಸಂಘದ ಕಾರ್ಯದರ್ಶಿ:
ಮಾನ್ಯ ನಿವಾಸಿಗಳೇ, ಉದ್ಯಾನದ ಹಿಂಬದಿಯ ಖಾಲಿ ನಿವೇಶನದಲ್ಲಿ ಕೆಂಪು ನರಿಗಳು ಬಿಲ ಮಾಡಿಕೊಂಡಿರುವುದು ಈಗ ಎಲ್ಲರಿಗೂ ತಿಳಿದಿದೆ. ರಾತ್ರಿಯ ಕೂಗು, ಹರಿದುಬಿದ್ದ ಕಸದ ಚೀಲಗಳು, ಹಗಲಿನಲ್ಲೇ ಕಾಂಪೌಂಡ್ ಗೋಡೆಯ ಮೇಲೆ ಓಡಾಡುವ ನರಿ, ಹೀಗೆ ಹಲವು ದೂರುಗಳು ಬಂದಿವೆ. ಬೋನು ಇಡಿಸಬೇಕೆಂದು ಕೆಲವರು, ಅವುಗಳ ತಂಟೆಗೇ ಹೋಗಬಾರದೆಂದು ಇನ್ನು ಕೆಲವರು ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಒಬ್ಬೊಬ್ಬರು ಒಂದೊಂದು ಕ್ರಮಕ್ಕೆ ಕೈಹಾಕುವ ಮೊದಲು ಇಲ್ಲಿಯೇ ಚರ್ಚಿಸಿ ಒಂದು ನಿರ್ಧಾರಕ್ಕೆ ಬರೋಣ ಎಂದು ಕೋರುತ್ತೇನೆ.

ಎರಡನೆಯ ಅಡ್ಡರಸ್ತೆಯ ನಿವಾಸಿ:
ನನ್ನ ಮಕ್ಕಳು ಸಂಜೆ ಆಡುವುದು ಅದೇ ಉದ್ಯಾನದಲ್ಲಿ. ನಿನ್ನೆ ನಡುಹಗಲಿನಲ್ಲಿ ಒಂದು ನರಿ ಸ್ವಲ್ಪವೂ ಅಂಜದೆ ಬೇಲಿಯ ಪಕ್ಕದಲ್ಲಿ ಹಾದುಹೋಯಿತು. ರಾತ್ರಿ ತಿರುಗಬೇಕಾದ ಪ್ರಾಣಿ ಹಗಲಿನಲ್ಲಿ ಬಂದಿತೆಂದರೆ ಅದಕ್ಕೆ ಹುಚ್ಚು ಹಿಡಿದಿರಬಹುದು ಎಂಬುದು ನನ್ನ ಭಯ. ಅವುಗಳನ್ನು ಹಿಡಿಸಿ ದೂರದ ಕಾಡಿಗೆ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ, ನರಿಗಳಿಗೂ ಒಳ್ಳೆಯದೇ ಆಗುತ್ತದೆ. ಇದನ್ನು ಏಕೆ ಮಾಡಬಾರದು ಎಂದು ದಯವಿಟ್ಟು ಯಾರಾದರೂ ತಿಳಿಸಿ.

ಪಶುವೈದ್ಯೆ, ಉದ್ಯಾನದ ಎದುರಿನ ಮನೆ:
ಮಕ್ಕಳ ಬಗ್ಗೆ ತಾವು ವ್ಯಕ್ತಪಡಿಸಿದ ಆತಂಕ ನ್ಯಾಯವಾದದ್ದೇ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಹಗಲಿನಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ನರಿಗೆ ರೇಬೀಸ್ ಇದೆ ಎಂದು ಹೇಳಲಾಗುವುದಿಲ್ಲ. ಮರಿಗಳಿರುವ ಕಾಲದಲ್ಲಿ ತಾಯಿಯೂ ಗಂಡೂ ಹಗಲುರಾತ್ರಿ ಎನ್ನದೆ ಆಹಾರ ಹುಡುಕುತ್ತವೆ. ತೂರಾಡುತ್ತಾ ನಡೆಯುವುದು, ಹಿಂಗಾಲು ಎಳೆಯುವುದು, ಜೊಲ್ಲು ಸುರಿಸುವುದು, ಕಾರಣವಿಲ್ಲದೆ ಮೇಲೆರಗುವುದು ಕಂಡುಬಂದರೆ ಮಾತ್ರ ಕೂಡಲೇ ದೂರ ಸರಿದು ವನ್ಯಜೀವಿ ಅಧಿಕಾರಿಗಳಿಗೆ ತಿಳಿಸಬೇಕು. ಯಾವುದೇ ನರಿ ಕಚ್ಚಿದರೆ, ಅದು ಎಷ್ಟೇ ಆರೋಗ್ಯವಾಗಿ ಕಂಡರೂ, ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಇನ್ನು ಹಿಡಿದು ಬೇರೆಡೆ ಬಿಡುವ ವಿಚಾರ. ಕೇಳಲು ಇದು ದಯೆಯ ಮಾರ್ಗದಂತಿದ್ದರೂ ನರಿಯ ಪಾಲಿಗೆ ಹಾಗಿಲ್ಲ. ಪ್ರತಿ ನರಿ ಕುಟುಂಬಕ್ಕೂ ತನ್ನದೇ ಆದ ಸರಹದ್ದು ಇರುತ್ತದೆ. ಅಪರಿಚಿತ ಜಾಗದಲ್ಲಿ ಬಿಟ್ಟ ನರಿಗೆ ಅಲ್ಲಿ ಆಹಾರ ಎಲ್ಲಿದೆ, ಅಡಗುದಾಣ ಎಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಅಲ್ಲಿ ಮೊದಲೇ ನೆಲೆಸಿರುವ ನರಿಗಳು ಅದನ್ನು ಅಟ್ಟಾಡಿಸುತ್ತವೆ, ಅದು ರಸ್ತೆಗೆ ಬಿದ್ದು ವಾಹನಕ್ಕೆ ಸಿಕ್ಕುವ ಸಂಭವವೂ ಹೆಚ್ಚು. ಇತ್ತ ನಮ್ಮಲ್ಲಿ ತೆರವಾದ ಸರಹದ್ದಿಗೆ ಸ್ವಲ್ಪ ಕಾಲದಲ್ಲೇ ಬೇರೆ ನರಿ ಬಂದು ಸೇರುತ್ತದೆ, ಏಕೆಂದರೆ ಅದನ್ನು ಇಲ್ಲಿಗೆ ಕರೆತರುವ ಕಸ, ಇಲಿ, ಪೊದೆ ಎಲ್ಲವೂ ಹಾಗೆಯೇ ಉಳಿದಿರುತ್ತವೆ.

ಈಗಂತೂ ಬಿಲದೊಳಗೆ ಮರಿಗಳಿರುವ ಸಾಧ್ಯತೆ ತುಂಬ ಇದೆ. ನರಿಯ ಗರ್ಭಾವಧಿ ಸುಮಾರು 52 ದಿನ. ಸಾಮಾನ್ಯವಾಗಿ 4 ಅಥವಾ 5 ಮರಿಗಳು ಕುರುಡಾಗಿ, ತಮ್ಮ ಮೈಯ ಶಾಖವನ್ನೂ ಕಾಪಾಡಿಕೊಳ್ಳಲಾರದ ಸ್ಥಿತಿಯಲ್ಲಿ ಹುಟ್ಟುತ್ತವೆ. ಅವು ಬಿಲದಿಂದ ಹೊರಗೆ ತಲೆಹಾಕುವುದು ಸುಮಾರು 4 ವಾರಗಳ ನಂತರ. ಈ ಹೊತ್ತಿನಲ್ಲಿ ತಾಯಿಯನ್ನು ಬೋನಿಗೆ ಕೆಡವಿದರೆ ಮರಿಗಳು ಮಣ್ಣಿನೊಳಗೆ ಹಸಿದು ಸಾಯುತ್ತವೆ. ಅದಕ್ಕೆ ನಮ್ಮ ಬಡಾವಣೆ ಕಾರಣವಾಗಬಾರದೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೊನೆಯ ಮನೆಯ ನಿವಾಸಿ:
ಡಾಕ್ಟರೇ, ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ನನ್ನ ಕೋಳಿಗೂಡಿಗೆ ನುಗ್ಗಿದ ನರಿ ಒಂದೇ ರಾತ್ರಿಯಲ್ಲಿ ಇದ್ದ ಕೋಳಿಗಳನ್ನೆಲ್ಲ ಕೊಂದು, ಹೊತ್ತೊಯ್ದದ್ದು ಒಂದನ್ನು ಮಾತ್ರ. ತಿನ್ನುವುದಕ್ಕಲ್ಲದೆ ಕೊಲ್ಲುವ ಪ್ರಾಣಿಯೊಡನೆ ಹೊಂದಿಕೊಂಡು ಬಾಳುವುದು ಹೇಗೆ?

ಪಶುವೈದ್ಯೆ:
ತಮಗಾದ ನಷ್ಟಕ್ಕೆ ನನಗೂ ನೋವಿದೆ. ಕಾಡಿನಲ್ಲಿ ಒಂದು ಹಕ್ಕಿಯನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗುತ್ತವೆ. ಗೂಡಿನಲ್ಲಿ ಅವುಗಳಿಗೆ ಹಾರಲು ಜಾಗವಿಲ್ಲ, ಎದುರಿಗೆ ರೆಕ್ಕೆ ಬಡಿಯುತ್ತಿರುವವರೆಗೂ ನರಿಯ ಬೇಟೆಯ ಪ್ರವೃತ್ತಿ ನಿಲ್ಲುವುದಿಲ್ಲ. ಬಿಟ್ಟರೆ ಅದು ಮತ್ತೆ ಬಂದು ಉಳಿದವುಗಳನ್ನೂ ಒಯ್ದು ಹೂತಿಡುತ್ತದೆ. ಆದ್ದರಿಂದ ಗೂಡನ್ನು ಭದ್ರಪಡಿಸುವುದೇ ಪರಿಹಾರ. ತೆಳುವಾದ ಕೋಳಿಜಾಲರಿಯನ್ನು ನರಿ ಕಚ್ಚಿ ಹರಿಯಬಲ್ಲದು, ದಪ್ಪ ಬೆಸುಗೆಯ ಜಾಲರಿಯನ್ನೇ ಬಳಸಿರಿ. ಜಾಲರಿಯ ಕೆಳಅಂಚನ್ನು ಸುಮಾರು 30 ಸೆಂಟಿಮೀಟರ್ ಆಳಕ್ಕೆ ಹೂಳಿ ಹೊರಮುಖವಾಗಿ ಬಾಗಿಸಿದರೆ, ಬೇಲಿಯ ಬುಡದಲ್ಲಿ ಕೆರೆಯುವ ನರಿಗೆ ಜಾಲರಿಯೇ ಅಡ್ಡವಾಗುತ್ತದೆ. ಮೇಲ್ಛಾವಣಿ ಇರಲೇಬೇಕು, ಕತ್ತಲಾಗುವ ಮೊದಲು ಅಗುಳಿ ಹಾಕಬೇಕು.

ಹಿರಿಯ ನಿವಾಸಿ, ಮೊದಲನೆಯ ಅಡ್ಡರಸ್ತೆ:
ಅಮ್ಮಾ, ಹಸಿದು ಬಂದ ಜೀವಕ್ಕೆ ಗೇಟಿನ ಬಳಿ ಒಂದಿಷ್ಟು ಆಹಾರವಿಟ್ಟರೆ ಅದು ಕಸವನ್ನೂ ಕೆದಕುವುದಿಲ್ಲ, ಕೋಳಿಯನ್ನೂ ಹಿಡಿಯುವುದಿಲ್ಲ ಎಂಬುದು ನನ್ನ ನಂಬಿಕೆ. ಇದರಲ್ಲಿ ತಪ್ಪೇನಿದೆ?

ಪಶುವೈದ್ಯೆ:
ತಮ್ಮ ಕರುಣೆಯ ಬಗ್ಗೆ ನನಗೆ ಗೌರವವಿದೆ, ಆದರೂ ಬೇಡವೆಂದೇ ಹೇಳಬೇಕಾಗಿದೆ. ನರಿಗೆ ಇಲಿ, ಹುಳುಹುಪ್ಪಟೆ, ಎರೆಹುಳು, ಉದುರಿದ ಹಣ್ಣು ಎಲ್ಲವೂ ಆಹಾರವೇ. ನಾವು ಇಟ್ಟ ಆಹಾರ ಅದರ ಹಸಿವಿಗಿಂತ ಹೆಚ್ಚಾಗಿ ಅದರ ಅಂಜಿಕೆಯನ್ನು ಕಳೆಯುತ್ತದೆ. ತಮ್ಮ ಕೈಯನ್ನು ನಂಬಿದ ನರಿ ನಾಳೆ ಅಪರಿಚಿತ ಮಗುವಿನ ಕೈಯಲ್ಲಿರುವ ತಿಂಡಿಯನ್ನೂ ನಂಬಿ ಹತ್ತಿರ ಬರುತ್ತದೆ. ಆಗ ಜನ ಶಿಕ್ಷಿಸುವುದು ನರಿಯನ್ನೇ. ಒಂದೇ ಜಾಗಕ್ಕೆ ಹಲವು ನರಿಗಳು ಸೇರಿದರೆ ರೋಗವೂ ಸುಲಭವಾಗಿ ಹರಡುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನರಿಗಳು ಬಹಳ ಒತ್ತೊತ್ತಾಗಿ ನೆಲೆಸಿದ್ದವು. 1994ರಲ್ಲಿ ಅಲ್ಲಿಗೆ ಕಜ್ಜಿರೋಗ ತಲುಪಿ, ಎರಡು ವರ್ಷಗಳೊಳಗೆ ಶೇಕಡಾ 95ಕ್ಕೂ ಹೆಚ್ಚು ನರಿಗಳು ಸತ್ತವು. ಮೈಮೇಲಿನ ಕೂದಲು ಉದುರಿ, ಚರ್ಮ ಬಿರಿದು ಸಾಯುವ ಆ ಸಾವು ಬಹಳ ಯಾತನೆಯದು. ಈ ಕಜ್ಜಿಯ ನುಸಿ ನಾಯಿಗಳಿಗೂ ಅಂಟುತ್ತದೆ.

ಇಲಿಪಾಷಾಣದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡಿಕೊಂಡಿರುತ್ತದೆ. ಅದನ್ನು ಹಿಡಿದು ತಿಂದ ನರಿ, ಗೂಬೆ, ನಮ್ಮದೇ ಬೆಕ್ಕು ಒಳರಕ್ತಸ್ರಾವದಿಂದ ನರಳುತ್ತವೆ. ಇಲಿಗಳನ್ನು ಉಚಿತವಾಗಿ ಹಿಡಿದುಕೊಡುತ್ತಿರುವ ಪ್ರಾಣಿಯನ್ನೇ ನಾವು ಹೀಗೆ ಕಳೆದುಕೊಳ್ಳುತ್ತೇವೆ.

ಎರಡನೆಯ ಅಡ್ಡರಸ್ತೆಯ ನಿವಾಸಿ:
ವಿವರಣೆಗೆ ಧನ್ಯವಾದಗಳು ಮೇಡಂ. ಬೋನಿನ ಬೇಡಿಕೆಯನ್ನು ಸದ್ಯಕ್ಕೆ ಕೈಬಿಡುತ್ತೇನೆ. ಆದರೆ ಆ ಬಿಲ ಮಕ್ಕಳ ಆಟದ ಜಾಗಕ್ಕೆ ಇಷ್ಟು ಹತ್ತಿರದಲ್ಲೇ ಶಾಶ್ವತವಾಗಿ ಉಳಿಯುವುದು ನನಗೆ ಒಪ್ಪಿಗೆಯಿಲ್ಲ.

ಪಶುವೈದ್ಯೆ:
ಶಾಶ್ವತವಾಗಿ ಉಳಿಯಬೇಕಾಗಿಲ್ಲ. ಮರಿಗಳು ಬೆಳೆದು ತಾಯಿಯ ಹಿಂದೆ ತಿರುಗಾಡಲು ಆರಂಭಿಸಿದ ಮೇಲೆ ನರಿಗಳು ಸಾಮಾನ್ಯವಾಗಿ ತಾವಾಗಿಯೇ ಬಿಲ ತೊರೆಯುತ್ತವೆ. ಆಗ ಬಿಲದ ಬಾಯಿಗೆ ತರಗೆಲೆಗಳನ್ನು ಸಡಿಲವಾಗಿ ತುಂಬಿ ಕೆಲವು ದಿನ ಗಮನಿಸಬೇಕು. ಎಲೆಗಳು ಕದಲದೆ ಇದ್ದರೆ ಒಳಗೆ ಯಾರೂ ಇಲ್ಲವೆಂದು ಅಧಿಕಾರಿಗಳಿಂದಲೂ ಖಚಿತಪಡಿಸಿಕೊಂಡು, ಅನಂತರವೇ ಮಣ್ಣು ಮುಚ್ಚಿ ಜಾಲರಿ ಹಾಸಬೇಕು.

ಸಂಘದ ಕಾರ್ಯದರ್ಶಿ:
ಹಾಗಾದರೆ ನಿವೇಶನದ ಪೊದೆಗಳನ್ನು ಕಡಿಸುವ ಕೆಲಸವನ್ನು ಬಿಲ ಬರಿದಾಗುವವರೆಗೆ ಮುಂದೂಡಿದ್ದೇನೆ. ಮುಚ್ಚಳಕ್ಕೆ ಕೊಂಡಿ ಇರುವ ಕಸದ ಡಬ್ಬಿಗಳನ್ನು ಸಂಘದಿಂದಲೇ ಕೊಳ್ಳುವ ಪ್ರಸ್ತಾವವನ್ನು ಸಭೆಯ ಮುಂದಿಡುತ್ತೇನೆ. ಅಲ್ಲಿಯವರೆಗೆ ಕಸದ ಚೀಲವನ್ನು ರಾತ್ರಿ ಹೊರಗಿಡದೆ ಬೆಳಿಗ್ಗೆ ವಾಹನ ಬರುವ ಹೊತ್ತಿಗೇ ತರಬೇಕು. ನಾಯಿ ಸಾಕಿರುವವರು ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆಗಳ ದಿನಾಂಕವನ್ನು ನೋಡಿಕೊಂಡು, ನಿವೇಶನದ ಬಳಿ ನಾಯಿಯ ಹಗ್ಗವನ್ನು ಬಿಚ್ಚಬಾರದು. ವನ್ಯಜೀವಿ ಅಧಿಕಾರಿಗಳಿಗೆ ಬರೆಯಬೇಕಾದ ಪತ್ರದ ಕರಡನ್ನು ಇಂದು ಸಂಜೆ ಇಲ್ಲಿ ಹಾಕುತ್ತೇನೆ.

ಕೊನೆಯ ಮನೆಯ ನಿವಾಸಿ:
ಗೂಡಿಗೆ ಜಾಲರಿ ಹೂಳಲು ಭಾನುವಾರ ಬೆಳಿಗ್ಗೆ ಇಬ್ಬರ ಸಹಾಯ ಬೇಕಾಗಿದೆ. ಸನಿಕೆ, ಗುದ್ದಲಿ ನನ್ನ ಬಳಿಯೇ ಇವೆ.

ಎರಡನೆಯ ಅಡ್ಡರಸ್ತೆಯ ನಿವಾಸಿ:
ನಾನು ಬರುತ್ತೇನೆ. ಬಿಲದಿಂದ ದೂರ ಇರಬೇಕೆಂದು ಮಕ್ಕಳಿಗೆ ತಿಳಿಸುವ ಒಂದು ಫಲಕವನ್ನೂ ಅಂದೇ ಉದ್ಯಾನದ ಬೇಲಿಗೆ ಕಟ್ಟೋಣ. ಅದರ ಒಕ್ಕಣೆಯನ್ನು ಡಾಕ್ಟರೇ ಬರೆದುಕೊಟ್ಟರೆ ಉಪಕಾರವಾಗುತ್ತದೆ.