ಟೋಸ್ಕಾ ‘ಹಾಡಿದರು’ ಅನ್ನಬಹುದೇ?

ಒಪೆರಾ (ಹಾಡಿನಲ್ಲೇ ಕಥೆ ಸಾಗುವ ಪಾಶ್ಚಾತ್ಯ ಸಂಗೀತ ನಾಟಕ) ಗಾಯಕಿ ಮರಿಯಾ ಕಲ್ಲಾಸ್ ಬಗ್ಗೆ ಪುಟ್ಟ ಬರಹವೊಂದನ್ನು ಶುರು ಮಾಡಿ, ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

1964ರ ಫೆಬ್ರವರಿಯಲ್ಲಿ ಲಂಡನ್ನಿನ ಒಪೆರಾ ಮಂದಿರ ಕೋವೆಂಟ್ ಗಾರ್ಡನ್‌ನಲ್ಲಿ ಅವರು ನಾಯಕಿ ಟೋಸ್ಕಾ ಆಗಿದ್ದ ‘ಟೋಸ್ಕಾ’ ಒಪೆರಾದ ಎರಡನೇ ಅಂಕವನ್ನು ಟೀವಿಗಾಗಿ ಚಿತ್ರೀಕರಿಸಿದರು. ಒಪೆರಾದವರು ‘ಟೋಸ್ಕಾ ಹಾಡಿದರು’ ಅಂತಲೇ ಹೇಳುವುದು. ಕನ್ನಡದಲ್ಲಿ ಹಾಗೆ ಬರೆದರೆ ಟೋಸ್ಕಾ ಯಾವುದೋ ಹಾಡಿನ ಹೆಸರು ಅನ್ನಿಸುತ್ತದೆ, ಅಲ್ವಾ? ‘ನಟಿಸಿದರು’ ಅಂದರೆ ಹಾಡೇ ಮಾಯ. ದೃಶ್ಯ ನೋಡಿದರೆ ಇನ್ನೂ ಪೇಚಾಟ. ಊಟದ ಮೇಜಿನ ಮೇಲಿದ್ದ ಚಾಕುವಿನಿಂದ ಟೋಸ್ಕಾ ದುಷ್ಟ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾನನ್ನು ಇರಿಯುತ್ತಾಳೆ. ಆಮೇಲೆ ಹೆಣದ ಎರಡೂ ಪಕ್ಕ ಮೇಣದಬತ್ತಿ ಇಡುತ್ತಾಳೆ. ಅಲ್ಲಿ ಅವಳಿಗೆ ಹಾಡೇ ಇಲ್ಲ, ಬರೀ ವಾದ್ಯ. ಅದನ್ನೂ ‘ಹಾಡಿದರು’ ಅನ್ನೋಣವೇ?

ನನಗೆ ಕಂಪನಿ ನಾಟಕದವರ ‘ಪಾರ್ಟು ಮಾಡು’ ಹಿಡಿಸಿದೆ. ಅಲ್ಲಿ ಪಾತ್ರಧಾರಿಯೇ ಹಾಡಬೇಕು, ಪಾತ್ರಧಾರಿಯೇ ಆಡಬೇಕು. (ಯಕ್ಷಗಾನವನ್ನು ‘ನಮ್ಮ ಒಪೆರಾ’ ಅನ್ನುವವರು ಜಾಸ್ತಿ. ಆದರೆ ಅಲ್ಲಿ ಹಾಡು ಭಾಗವತರದು, ಕುಣಿತ ಮತ್ತು ಮಾತು ವೇಷಧಾರಿಯದು.)

ಸಿನಿಮಾಕ್ಕೆ ಬಂದರೆ ಇನ್ನೊಂದು ತೊಡಕು. 1953ರ ಇಟಲಿಯ ಒಪೆರಾ ಸಿನಿಮಾ ‘ಐಡಾ’ದಲ್ಲಿ ತೆರೆ ಮೇಲೆ ಸೋಫಿಯಾ ಲಾರೆನ್, ದನಿ ರೆನಾಟಾ ಟೆಬಾಲ್ಡಿಯದು. ಟೆಬಾಲ್ಡಿ ಹಿನ್ನೆಲೆ ಗಾಯಕಿ, ತಕರಾರಿಲ್ಲ. ಆದರೆ ಝೆಫಿರೆಲ್ಲಿ 1982ರಲ್ಲಿ ತೆಗೆದ ‘ಲಾ ಟ್ರಾವಿಯಾಟಾ’ದಲ್ಲಿ ತೆರೇಸಾ ಸ್ಟ್ರಾಟಾಸ್ ಮೊದಲೇ ಮುದ್ರಿಸಿಟ್ಟ ತಮ್ಮದೇ ಹಾಡಿಗೆ ತುಟಿ ಆಡಿಸುತ್ತಾರೆ. ತನ್ನ ಹಿನ್ನೆಲೆಗೆ ತಾನೇ ನಿಲ್ಲುವುದು ಹೇಗೆ ಅಂತ ನಾನು ಆ ಪದ ಬಿಟ್ಟಿದ್ದೆ. ಆಗ ನೆನಪಾಗಿದ್ದು ‘ಜೀವನ ಚೈತ್ರ’. ‘ನಾದಮಯ’ ಹಾಡಿಗೆ ರಾಜ್‌ಕುಮಾರ್ ಅವರಿಗೆ ಬಂದ ರಾಷ್ಟ್ರಪ್ರಶಸ್ತಿ ‘ಅತ್ಯುತ್ತಮ ಹಿನ್ನೆಲೆ ಗಾಯಕ’ ಅಂತಲೇ. ತೆರೆಯ ಮೇಲೂ ಅವರೇ, ದನಿಯೂ ಅವರದೇ. ಅಂದರೆ ನಾವು ಆಗಲೇ ‘ಹಿನ್ನೆಲೆ’ಯನ್ನು ಹಿಗ್ಗಿಸಿಯಾಗಿದೆ. ಸ್ಟ್ರಾಟಾಸ್‌ಗೂ ಅದನ್ನೇ ಬಳಸಲೇ? ನನಗೆ ಇನ್ನೂ ಇರುಸುಮುರುಸು.

ನಿರ್ದೇಶಕ ಪಸೋಲಿನಿಯ 1969ರ ಸಿನಿಮಾ ‘ಮೆಡಿಯಾ’ದಲ್ಲಿ ಮಾತ್ರ ಈ ಗೋಜಿಲ್ಲ. ಕಲ್ಲಾಸ್ ಅದರಲ್ಲಿ ಹಾಡುವುದೇ ಇಲ್ಲ. ‘ನಟಿಸಿದ್ದಾರೆ’ ಅಂದರೆ ಮುಗಿಯಿತು.

ನಿಮ್ಮ ಕಡೆ ನಾಟಕದವರು ಹಾಡುತ್ತಾ ಆಡುವುದಕ್ಕೆ ಬೇರೆ ಮಾತು ಬಳಸುತ್ತಾರೆಯೇ? ‘ಪಾರ್ಟು’ ಇಂಗ್ಲಿಷಿನದು ಅನ್ನುವ ಆಕ್ಷೇಪ ಬೇಡ, ಅದು ಹಳ್ಳಿ ಅಜ್ಜಂದಿರ ಬಾಯಲ್ಲೂ ಇದೆ.