ವಿಷಲ್ ಬ್ಲೋವರ್‌ಗೆ ಮೈಸೂರು, ಮಂಡ್ಯ ಕಡೆ ಏನಂತಾರೆ?

ಗೆಳೆಯರೇ,

ನಂಜನಗೂಡು ಕಡೆಯ ಕಾರ್ಖಾನೆಯೊಂದರ ನೋಟಿಸನ್ನು ಕನ್ನಡಕ್ಕೆ ತರುತ್ತಿದ್ದೇನೆ. ಷೇರುಪೇಟೆಯಲ್ಲಿರುವ ಕಂಪನಿಗಳು ಒಳಗಿನ ತಪ್ಪುಗಳನ್ನು ನೌಕರರು ಭಯವಿಲ್ಲದೆ ಹೇಳಲು ಒಂದು ದಾರಿ ಮಾಡಿಕೊಡಲೇಬೇಕು ಎಂದು 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಹೇಳುತ್ತದೆ. ಅದರ ನೋಟಿಸು ಇದು. ಹಾಗೆ ಹೇಳುವವರನ್ನೇ ಇಂಗ್ಲಿಷಿನಲ್ಲಿ ವಿಷಲ್ ಬ್ಲೋವರ್, ಅಂದರೆ ಶಿಳ್ಳೆ ಊದುವವರು, ಅಂತಾರೆ. ಹಿಂದಿನ ಕರಡಿನಲ್ಲಿ ಯಾರೋ ‘ಶಿಳ್ಳೆಗಾರರ ರಕ್ಷಣಾ ನೀತಿ’ ಎಂದು ಬರೆದಿದ್ದಾರೆ. ಶಿಳ್ಳೆ ಅಂದರೆ ನಮ್ಮವರಿಗೆ ಟಾಕೀಸಿನ ಗಾಂಧಿ ಕ್ಲಾಸೇ ನೆನಪಾಗೋದು, ಅಲ್ವಾ?

ಪತ್ರಿಕೆಗಳಲ್ಲಿ ಕಾಣುವ ‘ಮಾಹಿತಿದಾರ’ ಪೊಲೀಸರಿಗೆ ಗುಟ್ಟಾಗಿ ಸುಳಿವು ಕೊಡುವವನು. ‘ದೂರುದಾರ’ ಅಂದರೆ ತನಗಾದ ಅನ್ಯಾಯಕ್ಕೆ ಬಂದವನು ಅನ್ನಿಸುತ್ತದೆ. ‘ಬಾಯಿಬಿಟ್ಟ’ ಎಂದರೆ ಲಾಠಿ ಏಟು ಬಿದ್ದ ಮೇಲೆ ಬಾಯಿಬಿಟ್ಟ ಅಂತಲೇ ಅರ್ಥ. ನನಗೆ ಬೇಕಿರುವುದು ತನ್ನ ಹೆಸರು, ಮುಖ ಎರಡನ್ನೂ ಮುಂದಿಟ್ಟು, ಸಂಬಳ ಕೊಡುವ ಕಡೆಯ ನಡವಳಿಕೆ ಸರಿಯಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವವರಿಗೆ ಒಂದು ಪದ.

ಬೈಗುಳಕ್ಕೇನೂ ಬರವಿಲ್ಲ. ಸಕ್ಕರೆ ಕಾರ್ಖಾನೆಯ ತೂಕದ ಗುಮಾಸ್ತನೊಬ್ಬ ‘ಇಲ್ಲಿ ಕಬ್ಬು ಕಡಿಮೆ ತೂಗ್ತಾರೆ’ ಎಂದು ಬಹಿರಂಗವಾಗಿ ಹೇಳಿದ ಅಂದುಕೊಳ್ಳಿ. ಕಬ್ಬು ತಂದ ರೈತ ‘ಧೈರ್ಯವಂತ ಕಣಪ್ಪ’ ಅಂತಾನೆ. ಪಕ್ಕದ ಮೇಜಿನವನು ‘ಉಂಡ ಮನೆ ಜಂತೆ ಎಣಿಸ್ದ’ ಅಂತಾನೆ. ‘ಫಿಟ್ಟಿಂಗ್ ಇಟ್ಟ’, ‘ಚಾಡಿ ಹೇಳ್ದ’ ಎಂಬುದೂ ಕಿವಿಗೆ ಬೀಳುತ್ತದೆ. ಈ ಚಾಡಿ ಅನ್ನೋದು ಇಲ್ಲಿ ಒಪ್ಪುವುದೇ ಇಲ್ಲ. ಚಾಡಿ ಯಾವಾಗಲೂ ಮೇಲಕ್ಕೆ ಹೋಗುತ್ತದೆ, ಜೊತೆಯವನ ಮೇಲೆ ಸಾಹೇಬನ ಕಿವಿಗೆ. ಇವನ ಮಾತು ಸಾಹೇಬನ ಮೇಲೆ, ಹೋಗುವುದು ಹೊರಕ್ಕೆ. ಆದರೂ ಜನ ಹಾಗೆಯೇ ಅಂತಾರೆ.

‘ಅಕ್ರಮ ಬಯಲಿಗೆಳೆದವರು’ ಅನ್ನಬಹುದು. ಆದರೆ ಎಲ್ಲವೂ ಅಕ್ರಮವೇ ಆಗಿರಬೇಕಿಲ್ಲ. 2018ರಲ್ಲಿ ಗೂಗಲ್‌ನ ಸಾವಿರಾರು ನೌಕರರು ಡ್ರೋನ್ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಿಂದ ಗುರುತಿಸುವ ಅಮೆರಿಕದ ಸೇನೆಯ ‘ಮೇವನ್’ ಯೋಜನೆಯಲ್ಲಿ ಕಂಪನಿ ಕೈಜೋಡಿಸಬಾರದು ಎಂದು ಪತ್ರಕ್ಕೆ ಸಹಿ ಹಾಕಿದರು. ಅಲ್ಲಿ ಕಾನೂನು ಮುರಿದಿದ್ದಾರೆ ಎಂಬುದು ಅವರ ದೂರಾಗಿರಲಿಲ್ಲ. ಯುದ್ಧದ ಕೆಲಸ ನಮಗೆ ಬೇಡ ಎಂಬುದಷ್ಟೇ ಅವರ ಮಾತು. ಆ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದು ಕಂಪನಿ ಆಮೇಲೆ ಹೇಳಿತು.

ನಮ್ಮ ದೇಶದ ಹೆಸರುಗಳನ್ನು ತೆಗೆದುಕೊಂಡರೂ ಪದ ಒಂದೇ, ಕತೆ ಬೇರೆ ಬೇರೆ. ಹೆದ್ದಾರಿ ಎಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿಗೆ ಪತ್ರ ಬರೆದು, ತಮ್ಮ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. 2003ರಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ನಮ್ಮ ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಮಂಜುನಾಥ್ ಷಣ್ಮುಗಂ 2005ರಲ್ಲಿ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಅವರು ಇಂಡಿಯನ್ ಆಯಿಲ್ ಅಧಿಕಾರಿ. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದರು. ಅವರದು ಕೆಲಸವನ್ನು ನೆಟ್ಟಗೆ ಮಾಡಿದ್ದಕ್ಕೆ ಬಂದ ಸಾವು. ತಮ್ಮ ಕಂಪನಿಯ ವಿರುದ್ಧ ಮಾತಾಡಿದವರಲ್ಲ. ಪತ್ರಿಕೆಗಳು ಇಬ್ಬರನ್ನೂ ವಿಷಲ್ ಬ್ಲೋವರ್ ಎಂದೇ ಕರೆಯುತ್ತವೆ. ನನ್ನ ನೋಟಿಸಿಗೆ ಅಷ್ಟು ಸಡಿಲ ಪದ ಸಾಲದು.

ಅಂದಹಾಗೆ, ಇಂಗ್ಲಿಷಿನಲ್ಲೂ ಈ ಪದಕ್ಕೆ ಮೊದಲಿನಿಂದ ಮರ್ಯಾದೆ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಮತ್ತು ಜೊತೆಯವರು ಒಳ್ಳೆಯ ಅರ್ಥದಲ್ಲಿ ಬಳಸಿ ಬಳಸಿ ಅದನ್ನು ಮೇಲೆತ್ತಿದರು. ಹಾಗಾಗಿ ಹೊಸದೇ ಆಗಬೇಕು ಅಂತ ನನ್ನ ಹಟವಿಲ್ಲ. ‘ಎಚ್ಚರಿಸಿದವರು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಸ್ವಲ್ಪ ಸಪ್ಪೆ, ಆದರೆ ಯಾರನ್ನೂ ಬೈಯುವುದಿಲ್ಲ.

ನನ್ನ ಪ್ರಶ್ನೆ ಎರಡು. ಹಳೆಯ ಮಿಲ್ ಕಾರ್ಮಿಕರ ಕರಪತ್ರಗಳಲ್ಲಿ ಇಂಥವರನ್ನು ಏನೆಂದು ಕರೆದಿದ್ದಾರೆ? ಧಾರವಾಡ, ಕರಾವಳಿ ಕಡೆ ಮೆಚ್ಚುಗೆಯಿಂದ ಹೇಳುವ ಮಾತು ಏನಾದರೂ ಇದೆಯೇ? ಸುಮ್ನೆ ಪದ ಕಟ್ಟಿ ಕಳಿಸಬೇಡಿ. ಕೇಳಿದ ಮಾತನ್ನು ವಾಕ್ಯದ ಸಮೇತ ಬರೆಯಿರಿ.