ಓದುಗರ ಸ್ಪಂದನ: ಅತ್ತೆಯ ಮರೆವಿಗೆ ಯಾವ ಬ್ರಾಹ್ಮಿ?

ಬಾಗಲಕೋಟೆ ನವನಗರದ ಸೊಸೆಯೊಬ್ಬರು ಹೋದ ಸಂಚಿಕೆಯಲ್ಲಿ ಕೇಳಿದ್ದರು: ಅತ್ತೆಗೆ 71. ಹಾಲು ಒಲೆಗಿಟ್ಟು ಮರೆಯುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನಡೆದಿದೆ. ಬ್ರಾಹ್ಮಿ ಕೊಡೋಣವೆಂದರೆ ಅಂಗಡಿಯವರು ಕೊಟ್ಟ ಎಲೆ ಒಂದು, ಓಣಿಯವರು ತಂದದ್ದು ಇನ್ನೊಂದು. ಯಾವುದು ಖರೆ? ಎಷ್ಟು ಕೊಡಬೇಕು?

ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿದ ಪತ್ರ ಮೊದಲು.

ಖಾನಾಪುರದಿಂದ:

ತಂಗೆವ್ವ, ನಿನ್ನ ಪತ್ರ ಮೂರು ಸಲ ಓದಿದೆ. ಯಾಕಂತ ಬರೆಯಲಾರೆ, ಹೊತ್ತಿದ ಹಾಲಿನ ವಾಸನೆ ನನಗೂ ಗೊತ್ತು. ಕೆಲಸದ ಮಾತಿಗೆ ಬರುತ್ತೇನೆ.

ಎರಡೂ ಖರೆ. ದುಂಡನೆಯ ಎಲೆಯದು ಒಂದೆಲಗ, ಅಂದರೆ ಮಂಡೂಕಪರ್ಣಿ. ನೆಲದ ಮೇಲೆ ಹರಿದ ಬಳ್ಳಿಯ ಗೆಣ್ಣಿನಿಂದ ತೊಟ್ಟು ಏಳುತ್ತದೆ, ತೊಟ್ಟಿಗೊಂದೇ ಎಲೆ, ಅಂಚು ಕಚ್ಚುಕಚ್ಚು. ತೊಟ್ಟು ಕೂಡುವಲ್ಲಿ ಎಲೆ ಸೀಳಿರಬೇಕು. ತೊಟ್ಟು ಛತ್ರಿಯ ಕೋಲಿನ ಹಾಗೆ ಎಲೆಯ ನಡುಮಧ್ಯಕ್ಕೆ ಚುಚ್ಚಿಕೊಂಡಿದ್ದರೆ ಅದು ಶೋಭೆಗೆ ಬೆಳೆಸುವ ಬೇರೆ ಗಿಡ, ಬಿಸಾಕು. ಉಗುರಿನಷ್ಟು ಸಣ್ಣ, ದಪ್ಪ ಎಲೆ ಜೋಡಿಜೋಡಿಯಾಗಿದ್ದು, ನಾಲಿಗೆಗಿಟ್ಟರೆ ವಿಪರೀತ ಕಹಿಯಾದರೆ ನೀರುಬ್ರಾಹ್ಮಿ. ಚರಕಸಂಹಿತೆಯ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿ-ನೆನಪಿಗೆಂದು ಹೇಳಿದ ಔಷಧಿಗಳಲ್ಲಿ, ಇರುವುದು ಒಂದೆಲಗದ ರಸ. ಈಗಿನವರು ನೆನಪಿನ ಶಕ್ತಿಗೆಂದು ಹೆಚ್ಚು ಪರೀಕ್ಷಿಸಿದ್ದು ನೀರುಬ್ರಾಹ್ಮಿಯನ್ನು, ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ ಸತ್ವ, 12 ವಾರ.

ಆ 300ರ ಲೆಕ್ಕವನ್ನು ಪುಡಿಗೆ ಹಚ್ಚಬೇಡ. ಸತ್ವವೆಂದರೆ ಗಿಡದಿಂದ ತೆಗೆದ ಗಟ್ಟಿ ಸಾರ, ಅದೇ ಬೇರೆ. ನೀರುಬ್ರಾಹ್ಮಿಯ ಒಣಪುಡಿಯಾದರೆ ದಿನಕ್ಕೆ 1ರಿಂದ 3 ಗ್ರಾಂ. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ನುಲಿದು ಭೇದಿಯಾಗಬಹುದು, ಊಟದ ಜೊತೆ ಕೊಡು. ಎಂಟು ದಿನಕ್ಕೆ ಫಲ ಕಾಣಲಿಲ್ಲವೆಂದು ಪ್ರಮಾಣ ಏರಿಸಬೇಡ. ಶರಬತ್ತು ಬೇಡವೇ ಬೇಡ, ಅದರ ತುಂಬ ಸಕ್ಕರೆ.

ಒಂದೆಲಗವನ್ನು ಔಷಧಿಗಿಂತ ಅಡಿಗೆಯಲ್ಲೇ ಬಳಸು. ಎಳೆ ತೊಟ್ಟಿನ ಸಮೇತ 15-20 ಎಲೆ ತೊಳೆದು, ಹತ್ತು ನಿಮಿಷ ಉಪ್ಪುನೀರಿನಲ್ಲಿಟ್ಟು, ಹುರಿದ ಶೇಂಗಾ ಎರಡು ಚಮಚ, ಒಂದು ಹಸಿಮೆಣಸಿನಕಾಯಿ, ಚೂರು ಹುಣಸೆಹಣ್ಣು ಹಾಕಿ ಹಸಿಯಾಗಿಯೇ ಕುಟ್ಟು. ಮನೆಮಂದಿಗೆಲ್ಲ ರೊಟ್ಟಿಗೆ ಆಗುತ್ತದೆ. ಗಟಾರದ ದಂಡೆಯ ಎಲೆ ಮಾತ್ರ ತರಬೇಡ. ಈ ಗಿಡ ಸೀಸದಂಥ ಲೋಹವನ್ನು ಒಳಗೆ ಎಳೆದುಕೊಳ್ಳುತ್ತದೆ, ಎಷ್ಟು ತೊಳೆದರೂ ಹೋಗದು.

ಮುಂದಿನ ಪತ್ರಕ್ಕೆ ನಾವು ಕತ್ತರಿ ಹಾಕಿಲ್ಲ.

ಮುದ್ದೇಬಿಹಾಳದಿಂದ:

ಅಕ್ಕಾರ, ತಪ್ಪಲದ ಮಾತು ಆಮ್ಯಾಲೆ. ಆ ಸಕ್ಕರಿ ಮಾತ್ರಿ ಮೆಟ್‌ಫಾರ್ಮಿನ್ ಐತೇನು ನೋಡ್ರಿ. ವರ್ಷಗಟ್ಟಲೆ ನುಂಗಿದ್ರ ಮೈಯಾಗ ಬಿ12 ವಿಟಮಿನ್ ಇಳೀಬಹುದು, ಅದರಿಂದ್ಲೂ ಮರವು ಬರತೈತಿ. ಬಿ12, ಥೈರಾಯ್ಡ್, ಸೋಡಿಯಂ ಮೂರೂ ತಪಾಸ ಮಾಡಸ್ರಿ. ಕಿವಿನೂ ತೋರಸ್ರಿ, ಕೇಳದವರು ಕೇಳಿದ್ದನ್ನ ಮತ್ತ ಕೇಳ್ತಾರ. ಇದನ್ನ ಬಿಟ್ಟು ಎಲಿ ಎಣಿಸಿಕೋತ ಕುಂತೀರಲ್ಲ!

ಮಾತು ಬಿರುಸು. ಆದರೂ ನವನಗರದ ಸೋದರಿ ಇದನ್ನು ಎರಡು ಸಲ ಓದಲಿ.

ಅಥಣಿಯಿಂದ:

ಮುದುಕರ ಮಾತು ಇರಲಿ, ಪರೀಕ್ಷೆ ಬಂತೆಂದರೆ ಮಕ್ಕಳಿಗೆ ಬಜೆ ತೇಯ್ದು ನೆಕ್ಕಿಸುತ್ತಾರಲ್ಲ, ಅದನ್ನು ನಿಲ್ಲಿಸಿ. ಪ್ರಮಾಣ ಮೀರಿದರೆ ವಾಂತಿ. ಅದರಲ್ಲಿರುವ ಬೀಟಾ ಆಸರೋನ್ ಎಂಬ ರಾಸಾಯನಿಕದ ಕಾರಣಕ್ಕೆ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿದೆ. ಶಂಖಪುಷ್ಪಿಯ ಹೆಸರಿನಲ್ಲಂತೂ ಬೇರೆ ಬೇರೆ ಗಿಡಗಳು ಮಾರಾಟವಾಗುತ್ತವೆ, ವಿಷ್ಣುಕ್ರಾಂತಿ ಅವುಗಳಲ್ಲಿ ಒಂದು. ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರಿಗೆ ಶಂಖಪುಷ್ಪಿ ಸಿರಪ್ ಕೊಟ್ಟರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಇಳಿದು ಫಿಟ್ಸ್ ಮರಳಬಹುದು.

ಅತ್ತೆಯವರ ಪ್ರಶ್ನೆ ಇದಲ್ಲ. ಮಕ್ಕಳಿರುವ ಮನೆಗೆ ಬೇಕೆಂದು ಹಾಕಿದ್ದೇವೆ.

ವಿಜಯಪುರದಿಂದ:

ನಮ್ಮ ಬಿಸಿಲಿಗೆ ಒಂದೆಲಗ ಬದುಕುವುದಿಲ್ಲ ಅನ್ನುವುದು ಸುಳ್ಳು. ಆರಿಂಚು ಆಳದ ಅಗಲ ಹೂಕುಂಡ ಸಾಕು. ಬರೀ ಎರೆಮಣ್ಣು ಹಾಕಿದರೆ ಬಿರಿಯುತ್ತದೆ, ಇಲ್ಲವೇ ನೀರು ನಿಂತು ಬೇರು ಕೊಳೆಯುತ್ತದೆ. ಎರೆಮಣ್ಣು, ಮರಳು, ಹಳೆಯ ಗೊಬ್ಬರ ಸಮಪಾಲು ಕಲಸಿ, ಬೇರಿರುವ ಗೆಣ್ಣು ಊರಿ. ಬೆಳಗಿನ ಬಿಸಿಲಷ್ಟೇ ಬೀಳಲಿ. ಸವಳು ಬೋರಿನ ನೀರಿಗೆ ಎಲೆಯ ಅಂಚು ಸುಡುತ್ತದೆ, ಕುಡಿಯುವ ನೀರನ್ನೇ ಹಾಕಿ. ಸುಮಾರು ಆರು ವಾರಕ್ಕೆ ಮೊದಲ ಕೊಯ್ಲು.

ಆರು ವಾರವಂತೆ. ರಕ್ತ ತಪಾಸಣೆಯ ವರದಿ ಅಷ್ಟು ದಿನ ಕಾಯಿಸುವುದಿಲ್ಲ. ಬಂದ ಮೇಲೆ ನಮಗೂ ಬರೆಯಿರಿ.